ಎರಡು ಕಡೆಯ ಮಕ್ಕಳನ್ನು ಹೋಲಿಸೋಕೆ ಹೊರಟಿದ್ದೀರಾ? ಮೊದಲು ಗೇಜ್ ಎಲ್ಲಿಟ್ಟಿದ್ದೀರಿ ನೋಡಿ

ಮಳೆಗಾಲ ಬಂದರೆ ಕೊಡಗಿನಲ್ಲಿ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೇ ಫೋನ್ ಶುರು. "ನಿಮ್ಮಲ್ಲಿ ಎಷ್ಟು?" "ಮೂರು ಇಂಚು ನಲವತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್)." "ನಮ್ಮಲ್ಲಿ ಎರಡೇ ಇಂಚು ಮಾರಾಯ್ರೆ." ನಮ್ಮ ಪಕ್ಕದ ತೋಟದವರು ತಮ್ಮ ಕಡೆ ಮಳೆ ಕಮ್ಮಿ ಅಂತ ಎಷ್ಟೋ ವರ್ಷ ನಂಬಿದ್ದರು. ಒಂದು ದಿನ ಹೋಗಿ ನೋಡಿದರೆ ಅವರ ರೈನ್ ಗೇಜ್ (ಮಳೆ ಅಳೆಯುವ ಪಾತ್ರೆ) ಸಿಲ್ವರ್ ಓಕ್ ಮರದ ಬುಡದಲ್ಲಿತ್ತು!

ಮಕ್ಕಳ ಕಲಿಕೆ, ಬೆಳವಣಿಗೆ ಬಗ್ಗೆ ತೌಲನಿಕ ಅಧ್ಯಯನ ಮಾಡುವವರಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಇಲ್ಲಿ ಕಮ್ಮಿ, ಅಲ್ಲಿ ಜಾಸ್ತಿ ಅಂತ ಬರೆದುಬಿಡುತ್ತಾರೆ, ಗೇಜ್ ಎಲ್ಲಿದೆ ಅಂತ ನೋಡುವುದಿಲ್ಲ. ನಾನೂ ಮಾಡಿದ್ದೇನೆ, ಮುಂದೆ ಹೇಳುತ್ತೇನೆ. ಬಿ.ಎಡ್, ಎಂ.ಎಡ್ ಪ್ರಾಜೆಕ್ಟ್ ಮಾಡುವವರಿಗೆ, ಹಾಗೇ ಸುಮ್ನೆ ಕುತೂಹಲ ಇರುವ ಟೀಚರ್‌ಗಳಿಗೆ ಇದು.

ಮೊದಲು ಟಾಪಿಕ್. "ತೋಟ ಕಾರ್ಮಿಕರ ಮಕ್ಕಳು ಮತ್ತು ಪಟ್ಟಣದ ಮಕ್ಕಳ ಬುದ್ಧಿಮಟ್ಟ: ಒಂದು ತೌಲನಿಕ ಅಧ್ಯಯನ" ಅಂತ ಬರೆದುಕೊಂಡಿದ್ದರೆ ದಯವಿಟ್ಟು ಹೊಡೆದುಹಾಕಿ. ಪಟ್ಟಣದವರಿಗೆ ಜಾಸ್ತಿ ಮಾರ್ಕ್ಸ್ ಬರುತ್ತದೆ ಅಂತ ನಿಮಗೂ ಗೊತ್ತು, ಗೈಡ್‌ಗೂ ಗೊತ್ತು. ಯಾಕೆ ಅಂತ ಮಾತ್ರ ಆ ಅಧ್ಯಯನ ಹೇಳುವುದಿಲ್ಲ. ಕೊಡವರು, ಗೌಡರು, ಎರವರು, ಕುರುಬರು ಅಂತ ಕಾಲಂ ಹಾಕಿ ಕೆಳಗೆ ಮಾರ್ಕ್ಸ್ ತುಂಬುವುದು ಇನ್ನೂ ಕೆಟ್ಟದು. ಆ ಒಂದು ಕಾಲಂ ಒಳಗೆ ಮನೆಭಾಷೆ, ವರಮಾನ, ಶಾಲೆಗೆ ಇರುವ ದೂರ, ಸಂಜೆ ಮನೆಯಲ್ಲಿ ಯಾರಿರುತ್ತಾರೆ ಅನ್ನುವುದು ಎಲ್ಲ ಬೆರೆತು ಹೋಗಿರುತ್ತದೆ. ಬದಲಿಗೆ ಹೀಗೆ ಕೇಳಿ: ಮನೆಯಲ್ಲಿ ದಿನಾ ಕತೆ ಕೇಳುವ ಐದು ವರ್ಷದ ಮಗು ಹೊಸ ಪದಗಳನ್ನು ಬೇಗ ಹಿಡಿಯುತ್ತದಾ? ಕತೆ ಹೇಳುವ ಅಜ್ಜಿ ಲೈನ್ ಮನೆಯಲ್ಲೂ (ತೋಟದ ಕಾರ್ಮಿಕರ ಸಾಲುಮನೆ) ಇರುತ್ತಾರೆ, ಮಡಿಕೇರಿಯ ಬಂಗಲೆಯಲ್ಲೂ ಇರುತ್ತಾರೆ. ಆಗ ಎರಡೂ ಕಡೆ ಒಂದೇ ವಿಷಯ ಹುಡುಕುತ್ತೀರಿ, ಉತ್ತರಕ್ಕೂ ಏನೋ ಅರ್ಥ ಇರುತ್ತದೆ.

ಅನುಮತಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರಿ ಶಾಲೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಪತ್ರ, ಅಂಗನವಾಡಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಪತ್ರ. ತೋಟದ ಲೈನ್‌ಗೆ ಹೋಗುವುದಾದರೆ ಮಾಲೀಕರಿಗೆ ಇಲ್ಲವೇ ರೈಟರ್‌ಗೆ (ತೋಟದ ಲೆಕ್ಕ ನೋಡುವವರು) ಮೊದಲೇ ಹೇಳಿ, ಆದಿವಾಸಿಗಳ ಹಾಡಿಗೆ ಹೋಗುವುದಾದರೆ ಅಲ್ಲಿನ ಹಿರಿಯರನ್ನು ಕೇಳಿ. ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು, ಓದು ಬಾರದವರಿಗೆ ಪತ್ರವನ್ನು ಅವರ ಭಾಷೆಯಲ್ಲೇ ಜೋರಾಗಿ ಓದಿ ಹೇಳಿ. ಮಗು ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಕೂಡಿಗೆಯ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಮ್ಮೆ ಹೋಗಿ ಕೇಳಿದರೆ ನಷ್ಟವಂತೂ ಇಲ್ಲ.

ಇನ್ನು ಸಮಯ. ನಾನು ಎಡವಿದ್ದು ಇಲ್ಲೇ. ಜನವರಿಯಲ್ಲಿ ಲೈನ್ ಮನೆ ಮಕ್ಕಳ ಅಂಗನವಾಡಿಗೆ ಹೋದೆ. ಕಾಫಿ ಕುಯ್ಲು ಜೋರಾಗಿದ್ದ ಸಮಯ. ಹಾಜರಿ ಪುಸ್ತಕದಲ್ಲಿ 22 ಮಕ್ಕಳು, ಚಾಪೆ ಮೇಲೆ 9. ಉಳಿದವರು ಅಪ್ಪ ಅಮ್ಮನ ಜೊತೆ ತೋಟದಲ್ಲಿ, ಕೆಲವರು ತಂಗಿಯನ್ನು ನೋಡಿಕೊಂಡು ಲೈನ್‌ನಲ್ಲಿ. ನಾನು ಬುದ್ಧಿವಂತ ನೋಡಿ, ಆ 9 ಮಕ್ಕಳನ್ನೇ ಪರೀಕ್ಷೆ ಮಾಡಿ ಬಂದೆ. ಕುಯ್ಲಿನ ಸಮಯದಲ್ಲೂ ಅಂಗನವಾಡಿಗೆ ಬರುವ ಮಗು ಅಂದರೆ ಮನೆಯಲ್ಲಿ ನೋಡಿಕೊಳ್ಳುವವರು ಯಾರೋ ಇರುವ ಮಗು. ನಾನು ಅಳೆದದ್ದು ಲೈನ್ ಮನೆ ಮಕ್ಕಳನ್ನಲ್ಲ, ಅವರಲ್ಲಿ ಒಂದು ಸಣ್ಣ ಗುಂಪನ್ನು ಮಾತ್ರ. ಪ್ರಥಮ್ ಸಂಸ್ಥೆಯವರು 2005ರಿಂದ ಮಾಡುತ್ತಿರುವ ಅಸರ್ ಸಮೀಕ್ಷೆಯಲ್ಲಿ ಮಕ್ಕಳ ಓದು, ಲೆಕ್ಕವನ್ನು ಶಾಲೆಯಲ್ಲಿ ಅಲ್ಲ, ಮನೆಗೇ ಹೋಗಿ ನೋಡುತ್ತಾರೆ. ಶಾಲೆಗೆ ಬಾರದ ಮಗುವೂ ಲೆಕ್ಕಕ್ಕೆ ಬರಬೇಕು ಅಲ್ವಾ? ನೀವೂ ಹೆಸರಿನ ಪಟ್ಟಿ ಇಟ್ಟುಕೊಂಡು ಬಾರದವರ ಮನೆಗೆ ಒಂದು ಸಂಜೆ ಹೋಗಿ.

ನನ್ನ ಲೆಕ್ಕದಲ್ಲಿ ಇಲ್ಲಿ ಒಳ್ಳೆಯ ಸಮಯ ಎರಡೇ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಹಬ್ಬ ಕೈಲ್ ಮುಹೂರ್ತ ಮುಗಿದ ಮೇಲೆ ದಸರಾ ರಜೆವರೆಗೆ, ಆಮೇಲೆ ರಜೆ ಮುಗಿದು ಕುಯ್ಲು ಹಿಡಿಯುವವರೆಗೆ. ಜೂನ್, ಜುಲೈ ನಂಬಬೇಡಿ. ಮಳೆ ರಜೆ ಯಾವಾಗ ಕೊಡುತ್ತಾರೋ ಗೊತ್ತಾಗುವುದಿಲ್ಲ, ಭಾಗಮಂಡಲ ಕಡೆಗೂ ಕುಶಾಲನಗರ ಕಡೆಗೂ ಮಳೆಯಲ್ಲಿ ಅಜಗಜಾಂತರ. ಎರಡೂ ಗುಂಪನ್ನು ಒಂದೇ ತಿಂಗಳಲ್ಲಿ, ಅದೂ ದಿನದ ಒಂದೇ ಹೊತ್ತಿನಲ್ಲಿ ನೋಡಿ. ಊಟ ಆಗಿ ತೂಕಡಿಸುವ ಮಗುವನ್ನು ಬೆಳಗಿನ ಮಗುವಿನ ಜೊತೆ ಹೋಲಿಸಿದರೆ ಚೆರಿ (ಇಡೀ ಒಣಗಿಸಿದ ಕಾಫಿ ಹಣ್ಣು) ತೂಕವನ್ನು ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ತೂಕಕ್ಕೆ ಹೋಲಿಸಿದ ಹಾಗೆ.

ವಯಸ್ಸನ್ನು ವರ್ಷದಲ್ಲಿ ಬರೆಯಬೇಡಿ, ತಿಂಗಳಲ್ಲಿ ಬರೆಯಿರಿ. ಐದು ವರ್ಷ ತುಂಬಿದ ಮಗುವಿಗೂ ಐದು ವರ್ಷ ಹನ್ನೊಂದು ತಿಂಗಳಿನ ಮಗುವಿಗೂ ತುಂಬ ವ್ಯತ್ಯಾಸ. ದಾಖಲೆಯಲ್ಲಿ ತುಂಬ ಮಕ್ಕಳ ಹುಟ್ಟುಹಬ್ಬ ಜೂನ್ 1 ಅಂತ ಇದ್ದರೆ ಅದು ಯಾರೋ ಅಂದಾಜಿಗೆ ಹಾಕಿದ್ದು. ತಾಯಿ ಕಾರ್ಡ್ ಕೇಳಿ, ಅದರಲ್ಲಿ ಸರಿ ತಾರೀಕು ಸಿಗಬಹುದು. ಸರಾಸರಿ ಒಂದನ್ನೇ ನೋಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಹೇಳಿದ ಪ್ರಕಾರ, ಆರೋಗ್ಯವಾಗಿರುವ ಮಗು ತಾನೇ ನಡೆಯಲು ಶುರು ಮಾಡುವುದು 8.2 ತಿಂಗಳಿಂದ 17.6 ತಿಂಗಳ ಒಳಗೆ ಯಾವಾಗ ಬೇಕಾದರೂ ಇರಬಹುದು. ಸುಮಾರು ಒಂಬತ್ತು ತಿಂಗಳ ಅಂತರ! ಎರಡು ಗುಂಪಿನ ಸರಾಸರಿಯಲ್ಲಿ ಹದಿನೈದು ದಿನದ ವ್ಯತ್ಯಾಸ ಸಿಕ್ಕಿತು ಅಂತ ಕುಣಿಯುವ ಮುಂಚೆ ಇದು ನೆನಪಿರಲಿ. ಪ್ರತಿ ಮಗುವಿಗೂ ಒಂದು ಚುಕ್ಕಿ ಇಟ್ಟು ಗ್ರಾಫ್ ಹಾಳೆಯಲ್ಲಿ ಬರೆಯಿರಿ, ಎರಡು ಗುಂಪಿನ ಚುಕ್ಕಿಗಳು ಎಷ್ಟು ಬೆರೆತಿವೆ ಅಂತ ಕಣ್ಣಿಗೇ ಕಾಣುತ್ತದೆ.

ಈಗ ಪ್ರಶ್ನೆಪತ್ರಿಕೆ, ಕಾರ್ಡು. ನಾನು ಆರು ಚಿತ್ರದ ಕಾರ್ಡ್ ಮಾಡಿಸಿದ್ದೆ, "ಒಂದಕ್ಕೊಂದು ಸೇರುವುದನ್ನು ಜೊತೆ ಮಾಡು" ಅಂತ. ಕಾಳುಮೆಣಸು, ಕಾಫಿ ಹಣ್ಣು, ಏಣಿ, ಕುರ್ಚಿ, ಬುಟ್ಟಿ, ಚೀಲ. ಕೀ ಪ್ರಕಾರ ಮೆಣಸಿಗೆ ಕಾಫಿ ಜೋಡಿ, ಎರಡೂ ಬೆಳೆ. ಐದು ವರ್ಷದ ಒಬ್ಬಳು ಹುಡುಗಿ ಕಾರ್ಡುಗಳನ್ನು ಒಂದು ಕ್ಷಣ ನೋಡಿ, ಮೆಣಸನ್ನು ಎತ್ತಿ ಏಣಿ ಪಕ್ಕ ಇಟ್ಟಳು. ಕಾಫಿ ಹಣ್ಣನ್ನು ಬುಟ್ಟಿ ಪಕ್ಕ. ನಾನು ತಪ್ಪು ಅಂತ ಗೀಟು ಹಾಕಿದೆ. ಸಹಾಯಕಿ ಅಕ್ಕ ಹಿಂದಿನಿಂದ ಇಣುಕಿ, "ಏಣಿ ಇಲ್ದೆ ಮೆಣಸು ಹೇಗೆ ಕುಯ್ಯೋದು ಮೇಡಂ?" ಅಂದರು. ನಿಜ, ಬಳ್ಳಿ ಮರ ಹತ್ತಿರುತ್ತದೆ, ಇವಳ ಅಪ್ಪ ಪ್ರತಿ ವರ್ಷ ಏಣಿ ಹೊತ್ತುಕೊಂಡೇ ಹೋಗುತ್ತಾರೆ.

ಇದು ನನಗೊಬ್ಬಳಿಗೇ ಆದದ್ದಲ್ಲ. ಲೈಬೀರಿಯಾದ ಕ್ಪೆಲ್ಲೆ ಜನರ ಹತ್ತಿರ ಸಂಶೋಧಕರು ವಸ್ತುಗಳನ್ನು ಗುಂಪು ಮಾಡಲು ಹೇಳಿದಾಗ ಅವರು ಚಾಕುವನ್ನು ಗೆಡ್ಡೆ ಜೊತೆ ಇಡುತ್ತಿದ್ದರು, ಬುದ್ಧಿ ಇರುವವರು ಹೀಗೇ ಮಾಡುವುದು ಅನ್ನುತ್ತಿದ್ದರು. ಹಾಗಾದರೆ ದಡ್ಡ ಹೇಗೆ ಮಾಡುತ್ತಾನೆ ಅಂತ ಕೇಳಿದರೆ ಆಗ ಊಟದ ಸಾಮಾನೆಲ್ಲ ಒಂದು ಕಡೆ, ಉಪಕರಣಗಳೆಲ್ಲ ಇನ್ನೊಂದು ಕಡೆ ಇಟ್ಟರಂತೆ. ಅದೇ ಸಂಶೋಧಕರಿಗೆ ಬೇಕಾಗಿದ್ದ ಸರಿ ಉತ್ತರ! ಅದಕ್ಕೇ ಪ್ರತಿ ಉತ್ತರಕ್ಕೂ "ಯಾಕೆ ಹೀಗೆ ಇಟ್ಟೆ?" ಅಂತ ಕೇಳಿ, ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಈ ಒಂದು ಕಾಲಂ ನಿಮ್ಮ ಎಲ್ಲ ಮಾರ್ಕ್ಸ್‌ಗಿಂತ ಬೆಲೆಬಾಳುತ್ತದೆ.

ಲೆಕ್ಕದ ಪರೀಕ್ಷೆ ಮಾಡುವವರು ಬ್ರೆಜಿಲ್‌ನ ರೆಸಿಫೆ ಊರಿನ ಕತೆ ಕೇಳಿರಬೇಕು. 1985ರಲ್ಲಿ ಬಂದ ಆ ಅಧ್ಯಯನದಲ್ಲಿ ಇದ್ದದ್ದು ಐದೇ ಮಕ್ಕಳು, ಬೀದಿಯಲ್ಲಿ ವ್ಯಾಪಾರ ಮಾಡುವವರು. ಗಿರಾಕಿ ತರ ಹೋಗಿ ಇಷ್ಟಕ್ಕೆ ಎಷ್ಟಾಯ್ತು ಅಂತ ಕೇಳಿದಾಗ 98% ಉತ್ತರ ಸರಿ. ಅದೇ ತರದ ಲೆಕ್ಕವನ್ನು ಹಾಳೆಯಲ್ಲಿ ಬರೀ ಅಂಕಿಯಾಗಿ ಕೊಟ್ಟಾಗ 37%. ವಿರಾಜಪೇಟೆ ಸಂತೆಯಲ್ಲಿ ಅಮ್ಮನ ಜೊತೆ ಕೂತು ಚಿಲ್ಲರೆ ಕೊಡುವ ಹುಡುಗನಿಗೆ ಬರೀ ಹಾಳೆ ಕೊಟ್ಟು ಲೆಕ್ಕ ಬರುವುದಿಲ್ಲ ಅಂತ ಬರೆಯಬೇಡಿ. ಎರಡೂ ತರ ಕೇಳಿ.

ಸಿಹಿ ಮುಂದೆ ಇಟ್ಟು "ಕಾದರೆ ಎರಡು ಕೊಡುತ್ತೇನೆ" ಅನ್ನುವ ಪರೀಕ್ಷೆ ತುಂಬ ಜನರಿಗೆ ಇಷ್ಟ. ಮಾಡಿ, ಆದರೆ ಅಭ್ಯಾಸವನ್ನು ತಾಳ್ಮೆ ಅಂದುಕೊಳ್ಳಬೇಡಿ. 2022ರ ಒಂದು ಅಧ್ಯಯನದಲ್ಲಿ ಜಪಾನಿನ ಮಕ್ಕಳು ತಿಂಡಿಗೆ ಜಾಸ್ತಿ ಹೊತ್ತು ಕಾದರು, ಅಮೆರಿಕದ ಮಕ್ಕಳು ಪೊಟ್ಟಣ ಕಟ್ಟಿದ ಉಡುಗೊರೆಗೆ ಜಾಸ್ತಿ ಹೊತ್ತು ಕಾದರು. ಎಲ್ಲರಿಗೂ ಬಡಿಸುವವರೆಗೆ ತಿನ್ನದೆ ಕೂರುವುದು ಜಪಾನಿನ ಮನೆಗಳ ರೂಢಿ, ಉಡುಗೊರೆ ಬಿಚ್ಚಲು ಕಾಯುವುದು ಅಮೆರಿಕದ ರೂಢಿ. ಬರೀ ತಿಂಡಿ ಇಟ್ಟು ನೋಡಿದ್ದರೆ ಅಮೆರಿಕದ ಮಕ್ಕಳಿಗೆ ತಾಳ್ಮೆ ಇಲ್ಲ ಅಂತಲೇ ತೀರ್ಮಾನ ಆಗುತ್ತಿತ್ತು.

ಭಾಷೆ ವಿಷಯ ಇಲ್ಲಿ ದೊಡ್ಡ ತಲೆನೋವು. ಒಂದೇ ಅಂಗನವಾಡಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳ, ತುಳು ಇರಬಹುದು, ಈಗ ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ. ಕನ್ನಡದ ಪ್ರಶ್ನೆಯನ್ನು ಒಬ್ಬರು ಮನೆಭಾಷೆಗೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಕನ್ನಡಕ್ಕೆ ತರಲಿ, ಎರಡು ಕನ್ನಡವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮಗುವಿಗೆ ಎಷ್ಟು ಪದ ಗೊತ್ತು ಅಂತ ಎಣಿಸುವಾಗ ಎರಡೂ ಭಾಷೆಯದ್ದನ್ನು ಸೇರಿಸಿ ಎಣಿಸಿ. ಕನ್ನಡದ್ದು ಮಾತ್ರ ಎಣಿಸಿದರೆ ಮನೆಯಲ್ಲಿ ಎರವ ಮಾತಾಡುವ ಮಗುವಿನ ಅರ್ಧ ಪದ ಕೈಬಿಟ್ಟುಹೋಗುತ್ತದೆ.

ಇನ್ನೊಂದು, ಇದನ್ನು ಗೈಡ್‌ಗಳೂ ಮರೆಯುತ್ತಾರೆ. ಒಂದು ಅಂಗನವಾಡಿಯಿಂದ 30, ಒಂದು ಎಲ್‌ಕೆಜಿಯಿಂದ 30 ಮಕ್ಕಳನ್ನು ತೆಗೆದುಕೊಂಡರೆ ನೀವು 60 ಮಕ್ಕಳನ್ನು ಹೋಲಿಸಲಿಲ್ಲ, ಇಬ್ಬರು ಟೀಚರ್‌ಗಳನ್ನು ಹೋಲಿಸಿದಿರಿ. ಒಬ್ಬರು ಹಾಡು ಹೇಳಿಸುವುದರಲ್ಲಿ ಗಟ್ಟಿಯಿದ್ದರೆ ಮುಗಿಯಿತು. ಪ್ರತಿ ಗುಂಪಿಗೂ ಆರು ಕಡೆಯಿಂದ ಐದೈದು ಮಕ್ಕಳನ್ನು ತೆಗೆದುಕೊಳ್ಳಿ. ಓಡಾಟ ಜಾಸ್ತಿ, ಬಸ್ಸೂ ಸಿಗುವುದಿಲ್ಲ, ಬೇರೆ ದಾರಿಯಿಲ್ಲ. ಮಾರ್ಕ್ಸ್ ಹಾಕುವಾಗ ಹಾಳೆ ಯಾವ ಕಡೆಯದ್ದು ಅಂತ ಗೊತ್ತಿಲ್ಲದ ಸ್ನೇಹಿತರ ಹತ್ತಿರ ಇನ್ನೊಮ್ಮೆ ಹಾಕಿಸಿ. ಕಾಫಿ ಮಾರುವಾಗ ಓಟಿಯನ್ನು (ಒಣ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ಒಬ್ಬರೇ ನೋಡಿದರೆ ಒಪ್ಪುತ್ತೀರಾ?

ಕೊನೆಗೆ, ಬರೆಯಲು ಕೂರುವ ಮುಂಚೆ ಪಟ್ಟಿಯನ್ನು ಟೀಚರ್‌ಗೆ ತೋರಿಸಿ. ನಾನು ಎರಡನೇ ಸಲ, ಅಕ್ಟೋಬರ್‌ನಲ್ಲಿ, ಎಲ್ಲ ಸರಿಯಾಗಿ ಮಾಡಿದೆ ಅಂದುಕೊಂಡು ಹೋಗಿ ತೋರಿಸಿದೆ. ಟೀಚರ್ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಹನ್ನೊಂದನೇ ಸಾಲಿನಲ್ಲಿ ಬೆರಳು ನಿಂತಿತು. "ಮೇಡಂ, ಲೈನ್‌ನಲ್ಲಿ ಈ ಹೆಸರಿನವರು ಇಬ್ಬರಿದ್ದಾರೆ. ನೀವು ಮಾತಾಡಿಸಿದ್ದು ದೊಡ್ಡವಳನ್ನು, ಬರೆದಿರೋ ವಯಸ್ಸು ಚಿಕ್ಕವಳದ್ದು." ಅವರ ಹತ್ತಿರವೇ ಪೆನ್ನು ಇಸಿದುಕೊಂಡು ತಿದ್ದಿದೆ.