ಪ್ರಾಡಕ್ಟ್ ಡಿಸೈನ್ ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಏನು ಹೇಳಬೇಕು?

ಹುಬ್ಬಳ್ಳಿಯಲ್ಲಿ ಪ್ರಾಡಕ್ಟ್ ಡಿಸೈನ್, ಅಂದರೆ ಆ್ಯಪ್‌ಗಳ ವಿನ್ಯಾಸದ ಕೆಲಸದ ಸಂದರ್ಶನದ ಅಭ್ಯಾಸಕ್ಕೆಂದು ನನ್ನ ಬಳಿ ಬರುವವರಿಗೆ ನಾನು ಮೊದಲು ಕೇಳುವುದೇ ಈ ಪ್ರಶ್ನೆ. ಹೆಚ್ಚಿನವರು ಎಸ್ಸೆಸ್ಸೆಲ್ಸಿ ಅಂಕಗಳಿಂದ ಶುರುಮಾಡಿ, ಪಿಯುಸಿ, ಡಿಗ್ರಿ ದಾಟಿ, ತಂದೆಯ ಉದ್ಯೋಗ, ಹವ್ಯಾಸಗಳವರೆಗೆ ಒಪ್ಪಿಸುತ್ತಾರೆ. ಅಂಕಗಳು ರೆಸ್ಯೂಮೆಯಲ್ಲೇ ಇವೆ. ನೀವು ಯಾರ ತೊಂದರೆಯನ್ನು ಹತ್ತಿರದಿಂದ ನೋಡಿದಿರಿ, ನೋಡಿದ ಮೇಲೆ ಏನು ನಿರ್ಧರಿಸಿದಿರಿ ಎಂಬುದು ಸಂದರ್ಶಕರಿಗೆ ಬೇಕು.

ಅದಕ್ಕಾಗಿ ಒಂದೇ ಒಂದು ಪ್ರಾಜೆಕ್ಟ್ ಆರಿಸಿಕೊಳ್ಳಿ. ಹಾವೇರಿ ಜಿಲ್ಲೆಯ ಹುಡುಗಿಯೊಬ್ಬಳ ಪೋರ್ಟ್‌ಫೋಲಿಯೊದಲ್ಲಿ (ಮಾಡಿದ ಕೆಲಸಗಳ ಸಂಗ್ರಹದಲ್ಲಿ) ಊಟ ತರಿಸುವ ಆ್ಯಪ್‌ನ ಮರುವಿನ್ಯಾಸ ಮೊದಲಿಗಿತ್ತು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗಾಗಿ ಮಾಡಿದ ಆ್ಯಪ್‌ನ ವಿನ್ಯಾಸ ಕೊನೆಯ ಪುಟದಲ್ಲಿತ್ತು. ಎರಡನೆಯದನ್ನೇ ಮುಂದೆ ತರಲು ಹೇಳಿದೆ. ಅಲ್ಲಿ ರೈತರು ದಲಾಲರ ಅಂಗಡಿಯಲ್ಲಿ ಚೀಲ ಇಳಿಸುತ್ತಾರೆ, ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಕಾಯಿಯ ಬಣ್ಣ, ತೇವ ನೋಡಿ ಇ-ಟೆಂಡರ್‌ನಲ್ಲಿ ಕ್ವಿಂಟಲ್ ದರ ನಮೂದಿಸುತ್ತಾರೆ. ಅವಳ ಆ್ಯಪ್‌ನ ಮೊದಲ ಪರದೆಯಲ್ಲಿ ಡಬ್ಬಿ, ಕಡ್ಡಿ ತಳಿಗಳ ದರ ಏರಿಳಿತದ ಅಂದವಾದ ನಕ್ಷೆ ಇತ್ತು. ಮಾರುಕಟ್ಟೆಯ ದಿನ ಹೋಗಿ ಕುಳಿತು ನೋಡಿದರೆ, ರೈತರು ಅಂಗಿಯ ಜೇಬಿನಿಂದ ಚೀಟಿ ತೆಗೆದು ‘ನಮ್ಮ ಲಾಟ್‌ಗೆ ಎಷ್ಟು ಬಿತ್ತು?’ ಎಂದಷ್ಟೇ ಕೇಳುತ್ತಿದ್ದರು. ಅವಳು ನಕ್ಷೆಯನ್ನು ಹಿಂದಕ್ಕೆ ಸರಿಸಿ, ಲಾಟ್ ಸಂಖ್ಯೆ ಒತ್ತುವ ದೊಡ್ಡ ಅಂಕಿಗಳನ್ನು ಮುಂದಿಟ್ಟಳು.

ಇದೇ ಅವಳ ಪರಿಚಯವಾಯಿತು: ‘ನಾನು ಬ್ಯಾಡಗಿ ಹತ್ತಿರದವಳು, ಕಂಪ್ಯೂಟರ್ ಸೈನ್ಸ್ ಓದಿದ್ದೇನೆ. ಪರದೆ ಬಿಡಿಸುವ ಮೊದಲು ಜನ ಕೆಲಸ ಮಾಡುವ ಜಾಗಕ್ಕೆ ಹೋಗಿ ನೋಡುವುದು ನನ್ನ ಪದ್ಧತಿ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಾಗೆ ನೋಡಿದ್ದರಿಂದ ನನ್ನ ಆ್ಯಪ್‌ನ ಮೊದಲ ಪರದೆಯೇ ಬದಲಾಯಿತು. ನಿಮ್ಮ ಆ್ಯಪ್‌ನಲ್ಲಿ ಹಣ ಕಳುಹಿಸಿ ನೋಡಿದೆ; ಅದರ ರಸೀದಿಯ ಪುಟದ ಬಗ್ಗೆ ಮಾತನಾಡುವ ಆಸೆಯಿದೆ.’ ಊರು, ಓದು ಒಂದೇ ಉಸಿರಿನಲ್ಲಿ ಮುಗಿದವು. ಕೊನೆಯ ಮಾತು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಿಂದಿನ ದಿನ ಅವರ ಉತ್ಪನ್ನವನ್ನು ನಿಜವಾಗಿಯೂ ಬಳಸದೆ ಅದನ್ನು ಬರೆಯಲಾಗದು.

ಎಲ್ಲ ಸೇರಿ 90 ಸೆಕೆಂಡು ಮೀರದಿರಲಿ. ಆ್ಯಪ್ ಬಿಡುಗಡೆಯಾಗಿಲ್ಲದಿದ್ದರೆ ಹಾಗೆಂದೇ ಹೇಳಿ. ಇಲ್ಲದ ಬಳಕೆದಾರರ ಲೆಕ್ಕ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ತಂಡದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ತಿಳಿಸಿ. ‘ನಾನು ಸಣ್ಣ ಊರಿನವನು, ಆದರೂ’ ಎಂಬ ಧಾಟಿ ದಯವಿಟ್ಟು ಬೇಡ. ಮಾರುಕಟ್ಟೆ, ಮಗ್ಗ, ಹೊಲ ಕಣ್ಣೆದುರಿಗಿರುವುದು ವಿನ್ಯಾಸಕಾರರಿಗೆ ದೊಡ್ಡ ಆಸ್ತಿ.

ಇಂಗ್ಲಿಷಿನ ಅಳುಕಿದ್ದರೆ ಮೊದಲು ಕನ್ನಡದಲ್ಲಿ ಮನೆಯವರಿಗೆ ಹೇಳಿ. ವಿನ್ಯಾಸದ ಗಂಧವಿಲ್ಲದ ಅವ್ವನಿಗೆ ಅರ್ಥವಾದರೆ ಕಥೆ ಸರಿಯಿದೆ ಎಂದರ್ಥ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕೇಳಿ. ಕಂಠಪಾಠ ಮಾಡಬೇಡಿ, ನಡುವೆ ಒಂದು ಪದ ತಪ್ಪಿದರೆ ಇಡೀ ಮಾತು ಕೈಕೊಡುತ್ತದೆ. ನೋಡಿದ್ದು, ಬದಲಿಸಿದ್ದು, ಕಂಪನಿಯ ಉತ್ಪನ್ನ ಎಂಬ ಕ್ರಮವಷ್ಟೇ ನೆನಪಿರಲಿ.

ಸಂದರ್ಶನ ಆನ್‌ಲೈನ್ ಆಗಿದ್ದರೆ ಫಿಗ್ಮಾ (ಪರದೆ ಬಿಡಿಸುವ ತಂತ್ರಾಂಶ) ಕಡತವನ್ನು, ನೀವು ಮಾತನಾಡಲಿರುವ ಪರದೆ ಕಾಣುವಂತೆ ತೆರೆದಿಡಿ. ಕರೆಂಟ್ ಹೋದರೂ ಮಾತು ನಿಲ್ಲದಂತೆ ಲ್ಯಾಪ್‌ಟಾಪ್, ಮೊಬೈಲ್ ಎರಡನ್ನೂ ಚಾರ್ಜ್ ಮಾಡಿ, ಹಾಟ್‌ಸ್ಪಾಟ್ ಸಿದ್ಧವಿಟ್ಟು, ಮುಖ್ಯ ಪರದೆಗಳ ಪಿಡಿಎಫ್ ಪ್ರತಿಯೊಂದನ್ನು ಮೊದಲೇ ಉಳಿಸಿಕೊಂಡಿರಿ.