ನೆರೂಲ್ ಬಿಟ್ಟು ಥಾಣೆಯಲ್ಲಿ ರೂಮು ಹಿಡಿದಿದ್ದು

2024ರ ಸೆಪ್ಟೆಂಬರ್ 22, ಭಾನುವಾರ. ಸಂಜೆ ಹುಬ್ಬಳ್ಳಿಯಿಂದ ಅಕ್ಕನ ಮಗಳ ಫೋನು. "ಮಾಮಾ, ಕೋಲ್ಡ್‌ಪ್ಲೇ ಟಿಕೆಟ್ ಸಿಕ್ತು! ಆದ್ರ ರೂಮ್ ಎಲ್ಲೂ ಸಿಗವಲ್ದು." ಆ ಬ್ರಿಟಿಷ್ ಬ್ಯಾಂಡಿನ ಜನವರಿ 19ರ ಶೋ, ನವಿ ಮುಂಬೈಯ ನೆರೂಲ್‌ನಲ್ಲಿರುವ ಡಿ.ವೈ. ಪಾಟೀಲ್ ಸ್ಟೇಡಿಯಂ. ಇವಳ ಜೊತೆ ಇನ್ನೂ ಮೂರು ಹುಡುಗಿಯರು.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಒಂದು ಬೆಡ್‌ರೂಮಿನ ಮನೆ. ಅತ್ತೆ, ಹೆಂಡತಿ, ಇಬ್ಬರು ಮಕ್ಕಳು. ಒಬ್ಬರು ಬಂದರೆ ಹಾಲ್‌ನಲ್ಲಿ ಹಾಸಬಹುದು, ನಾಲ್ವರು ಬಂದರೆ ನಾನು ಮೆಟ್ಟಿಲ ಮೇಲೆ ಮಲಗಬೇಕು. ಸಾಲದ್ದಕ್ಕೆ ಗದಗಿನ ನಮ್ಮ ಭಾವ ಅದೇ ಭಾನುವಾರ ಮುಂಬೈ ಮ್ಯಾರಥಾನ್ ಓಡುವವರಿದ್ದರು. ಬೆಳಿಗ್ಗೆ ದಕ್ಷಿಣ ಮುಂಬೈಯ ದೊಡ್ಡ ರೈಲ್ವೆ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಮ್ಯಾರಥಾನ್, ಸಂಜೆ ನೆರೂಲ್‌ನಲ್ಲಿ ಕೋಲ್ಡ್‌ಪ್ಲೇ. ಊರಿನ ಎರಡೂ ತುದಿಗೆ ಹೊರಗಿನ ಜನ. ರೂಮ್ ರೇಟು ಏರದೆ ಇರುತ್ತದಾ?

ನೆರೂಲ್‌ನಲ್ಲಿ ನನಗೆ ಗೊತ್ತಿದ್ದ ಒಂದು ಲಾಡ್ಜ್ ಇದೆ. ಹಿಂದೊಮ್ಮೆ ಸಂಬಂಧಿಕರ ಆಸ್ಪತ್ರೆ ಕೆಲಸಕ್ಕೆ ಬಂದಾಗ ದಿನಕ್ಕೆ 2,400 ಕೊಟ್ಟು ಇದ್ದೆವು. ಟ್ಯೂಬ್‌ಲೈಟ್ ಮಿಣುಕುವ, ಗೀಸರ್ ಕೈಕೊಡುವ ಅದೇ ರೂಮು ಆವತ್ತು ಆ್ಯಪ್‌ನಲ್ಲಿ 14,000. ಮರುದಿನ ನೋಡಿದರೆ 22,000. ಗೀಸರ್ ರಿಪೇರಿ ಮಾಡಿಸಿದ್ದಾರೋ ಇಲ್ಲವೋ ಅಂತ ಕೇಳೋಣ ಅನಿಸಿತು, ಬಿಟ್ಟೆ.

ಮೊದಲು ನಾನು ಮಾಡಿದ್ದು ತಪ್ಪು, ಅದನ್ನೇ ಮೊದಲು ಹೇಳುತ್ತೇನೆ. ನೆರೂಲ್ ಹತ್ತಿರದ ವಾಶಿಯಲ್ಲಿ ಒಂದು ಲಾಡ್ಜ್ 5,500ಕ್ಕೆ ತೋರಿಸುತ್ತಿತ್ತು, 'ಹೋಟೆಲ್‌ಗೆ ಬಂದು ಹಣ ಕೊಡಿ' ಅಂತ ಬೇರೆ ಇತ್ತು. ಈಗ ಒಂದು ಪೈಸೆ ಕೊಡುವ ಹಾಗಿಲ್ಲ ಅಂತ ಖುಷಿಯಾಗಿ ಬುಕ್ ಮಾಡಿಬಿಟ್ಟೆ. ನವೆಂಬರ್‌ನಲ್ಲಿ ಅಲ್ಲಿಂದ ಫೋನು, ಸಿಸ್ಟಮ್ ಎರರ್ ಆಗಿದೆ ಸಾರ್, ನಿಮ್ಮ ರೂಮು ಕ್ಯಾನ್ಸಲ್. ಆ ರಾತ್ರಿಯೇ ಆ್ಯಪ್ ತೆಗೆದು ನೋಡಿದೆ. ಅದೇ ರೂಮು, ಅದೇ ತಾರೀಖು, 19,000! ಆ್ಯಪ್‌ನವರಿಗೆ ಫೋನ್ ಮಾಡಿದರೆ 500 ರೂಪಾಯಿ ಕೂಪನ್ ಕೊಟ್ಟು ಕೈ ತೊಳೆದುಕೊಂಡರು. ನಾನು ಒಂದು ರೂಪಾಯಿ ಅಡ್ವಾನ್ಸ್ ಕೊಟ್ಟಿರಲಿಲ್ಲ, ರೇಟು ಬರೆದ ಕಾಗದ ಕೈಯಲ್ಲಿರಲಿಲ್ಲ. ಜಗಳ ಆಡೋಕೂ ಏನೂ ಇರಲಿಲ್ಲ.

ಆಮೇಲಿಂದ ಆ್ಯಪ್‌ನಲ್ಲಿ ಬುಕ್ ಮಾಡಿದರೂ ಸರಿ, ಲಾಡ್ಜ್‌ಗೆ ನೇರ ಫೋನ್ ಮಾಡಿ ತಾರೀಖು, ಎಷ್ಟು ಜನ, ಟ್ಯಾಕ್ಸ್ ಸೇರಿ ಎಷ್ಟು ಅನ್ನೋದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುತ್ತೇನೆ, ಅರ್ಧ ದುಡ್ಡು ಯುಪಿಐ ಮಾಡಿ ರಸೀದಿ ಕೇಳುತ್ತೇನೆ. ದುಡ್ಡು ತಗೊಂಡವರು ಅಷ್ಟು ಸುಲಭಕ್ಕೆ ಇಲ್ಲ ಅನ್ನಲ್ಲ. ಅಂದರೂ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ತೋರಿಸೋಕೆ ಒಂದು ಆಧಾರ ಇರುತ್ತದೆ.

ಸರಿ, ವಾಶಿ ಹೋಯಿತು. ಆಗ ತಲೆಗೆ ಹೊಳೆದದ್ದು ಇಷ್ಟೇ. ಹೊರಗಿನಿಂದ ಬರುವವರು ಆ್ಯಪ್‌ನಲ್ಲಿ ಸ್ಟೇಡಿಯಂನಿಂದ ಎಷ್ಟು ಕಿಲೋಮೀಟರ್ ಅಂತ ನೋಡುತ್ತಾರೆ. ಅದಕ್ಕೇ ನೆರೂಲ್, ವಾಶಿ, ಬೇಲಾಪುರದಲ್ಲಿ ರೇಟು ಮೊದಲು ಹಾರುತ್ತದೆ. ಆದರೆ ಮುಂಬೈಯಲ್ಲಿ ಯಾರು ಕಿಲೋಮೀಟರ್ ಲೆಕ್ಕ ಇಡುತ್ತಾರೆ? ಯಾವ ಲೈನು, ಎಲ್ಲಿ ಬದಲಾಯಿಸಬೇಕು, ಲಾಸ್ಟ್ ಲೋಕಲ್ ರೈಲು ಎಷ್ಟಕ್ಕೆ ಅಂತ ಕೇಳುತ್ತೇವೆ. ನೆರೂಲ್‌ನಿಂದ ಥಾಣೆಗೆ ಟ್ರಾನ್ಸ್ ಹಾರ್ಬರ್ ಲೈನ್ ಇದೆ, ನಡುವೆ ಇಳಿದು ಹತ್ತುವ ರಗಳೆ ಇಲ್ಲ, ಸುಮಾರು ಅರ್ಧ ಗಂಟೆ. ಥಾಣೆ ಸ್ಟೇಷನ್ ಸುತ್ತಮುತ್ತ ವ್ಯಾಪಾರಕ್ಕೆ ಬರುವವರಿಗೆಂದೇ ಇರುವ ಲಾಡ್ಜ್‌ಗಳು ಬೇಕಾದಷ್ಟು. ಅವು ತುಂಬುವುದು ಸೋಮವಾರದಿಂದ ಶುಕ್ರವಾರ. ಭಾನುವಾರ ರಾತ್ರಿ ಅಲ್ಲಿ ಮ್ಯಾನೇಜರ್ ಸುಮ್ನೆ ನೊಣ ಹೊಡೆಯುತ್ತಾ ಕೂತಿರುತ್ತಾರೆ.

ಒಂದು ಶನಿವಾರ ಹೆಂಡತಿಯನ್ನು ಕರಕೊಂಡು ಹೋಗಿ ನಾಲ್ಕು ಕಡೆ ಕೇಳಿದೆ. ಕೊನೆಯದರಲ್ಲಿ ಕೌಂಟರ್ ಮೇಲೆ ಊದುಬತ್ತಿ, ಉದ್ದ ರಿಜಿಸ್ಟರ್, ಕೀಲಿಗಳಿಗೆಲ್ಲ ಅಂಗೈಯಷ್ಟು ಹಿತ್ತಾಳೆ ಬಿಲ್ಲೆ. ಹಿಂದಿಯಲ್ಲಿ ಕೇಳಿದೆ, ಮ್ಯಾನೇಜರ್ ಹಿಂದಿಯಲ್ಲೇ 3,600 ಅಂದರು. ನಾನು ಹೆಂಡತಿ ಕಡೆ ತಿರುಗಿ, "ಜಾಸ್ತಿ ಆತು, ನಡಿ" ಅಂದೆ.

"ಕನ್ನಡದವ್ರಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ!"

ಉಡುಪಿ ಕಡೆಯವರು. ಇನ್ನೇನು ರೇಟು ಇಳಿಯಿತು ಅಂದುಕೊಂಡೆ. ಒಂದು ರೂಪಾಯಿ ಇಳಿಸಲಿಲ್ಲ, ಚಹಾ ತರಿಸಿದರು. ಆದರೆ ಚಹಾ ಕುಡಿಯುವಷ್ಟರಲ್ಲಿ ನಾಲ್ವರನ್ನೂ ಒಂದೇ ರೂಮಿನಲ್ಲಿ ಹಾಕಿ, ಎರಡು ಹಾಸಿಗೆ ಜಾಸ್ತಿ ಕೊಡಲು ಒಪ್ಪಿದರು. ಬೆಳಿಗ್ಗೆ ಬಂದವರು ಕೌಂಟರ್ ಹಿಂದೆ ಬ್ಯಾಗು ಇಟ್ಟು ತಿರುಗಾಡಿ ಬರಬಹುದು ಅಂದರು. ಹಾಗಾಗಿ 18ರ ರಾತ್ರಿಗೆ ರೂಮು ಬೇಕಾಗಲಿಲ್ಲ, 19ರ ಒಂದೇ ರಾತ್ರಿ. ತಲೆಗೆ ಸಾವಿರದ ಆಸುಪಾಸಿನಲ್ಲಿ ಮುಗಿಯಿತು.

ಟ್ಯಾಕ್ಸಿನ ಒಂದು ವಿಷಯ ಅವರೇ ಹೇಳಿದ್ದು. "ಏಳೂವರೆ ಸಾವಿರ ದಾಟಿದ್ರೆ ಟ್ಯಾಕ್ಸೇ ಬೇರೆ ಮಾರಾಯ್ರೆ." ಆಗ ದಿನಕ್ಕೆ 7,500ರವರೆಗೆ ಜಿಎಸ್‌ಟಿ 12%, ಅದರ ಮೇಲೆ 18%. ಗೋಡೆ ಮೇಲೆ ಬರೆದ ರೇಟಿಗಲ್ಲ, ನೀವು ನಿಜವಾಗಿ ಕೊಡುವ ರೇಟಿಗೆ. ಅಂದರೆ ಎರಡು ಸಾವಿರದ ರೂಮು ಜಾತ್ರೆ ದಿನ ಎಂಟು ಸಾವಿರ ಆದರೆ ಅದಕ್ಕೂ 18%. 2025ರ ಸೆಪ್ಟೆಂಬರ್ 22ರಿಂದ ಕೆಳಗಿನದು 5%ಗೆ ಇಳಿಯಿತು, ಮೇಲಿನದು ಹಾಗೇ ಇದೆ. ಈಗ 7,400ರ ರೂಮಿಗೆ ಬಿಲ್ಲು 7,770. 7,600ರ ರೂಮಿಗೆ 8,968. ಇನ್ನೂರು ರೂಪಾಯಿ ಹೆಚ್ಚಿನ ರೂಮಿಗೆ ಸುಮಾರು ಸಾವಿರದ ಇನ್ನೂರು ಜಾಸ್ತಿ. ರೇಟು ಗಡಿಯ ಹತ್ತಿರ ಇದ್ದರೆ ಸ್ವಲ್ಪ ಚೌಕಾಸಿ ಮಾಡಿ, ಇಲ್ಲಿ ಫಲ ಇದೆ.

ಭಾವನ ಕೆಲಸ ಬೇಗ ಆಯಿತು. ಅವರು ಬರುವ ರೈಲು ವಿಜಯಪುರ, ಸೊಲ್ಲಾಪುರದ ಮೇಲೆ ನೇರ ಸಿಎಸ್‌ಎಂಟಿಗೇ ಬರುತ್ತದೆ. ಟಿಕೆಟ್ ಕನ್ಫರ್ಮ್ ಇದ್ದರೆ ಆ ಪಿಎನ್‌ಆರ್ ಹಾಕಿ ಸ್ಟೇಷನ್ನಿನಲ್ಲೇ ಪ್ರಯಾಣಿಕರು ತಂಗುವ ರಿಟೈರಿಂಗ್ ರೂಮು ಆನ್‌ಲೈನ್‌ನಲ್ಲಿ ಹಿಡಿಯಬಹುದು, ಗರಿಷ್ಠ 48 ಗಂಟೆ. ಕೋಲ್ಡ್‌ಪ್ಲೇ ಇರಲಿ, ಮ್ಯಾರಥಾನ್ ಇರಲಿ, ರೈಲ್ವೆ ರೇಟು ರೈಲ್ವೆ ರೇಟೇ. ಆದರೆ ಬೇಗ ಖಾಲಿಯಾಗುತ್ತದೆ, ಈಗ ಟಿಕೆಟ್ ತೆರೆಯುವುದೇ 60 ದಿನ ಮುಂಚೆ, ಹಾಗಾಗಿ ಟಿಕೆಟ್ ಕೈಗೆ ಬಂದ ತಕ್ಷಣ ನೋಡಬೇಕು. ಭಾವನಿಗೆ ಸಿಕ್ಕಿದ್ದು ಡಾರ್ಮಿಟರಿಯಲ್ಲಿ ಒಂದು ಮಂಚ. ಎಲ್ಲರೂ ಒಂದೇ ಕಡೆ ಮಲಗೋದು, ನಡೀತದಾ ಭಾವ ಅಂತ ಅಳುಕುತ್ತಲೇ ಕೇಳಿದೆ. "ಓಡಾಕ ಬಂದೀನಿ, ಮಲಗಾಕ ಏನ್ ಬಂದಿಲ್ಲ" ಅಂದರು. ಪಕ್ಕದ ಮಂಚದವರು ರಾತ್ರಿಯಿಡೀ ಗೊರಕೆ ಹೊಡೆದರಂತೆ. ಆದರೆ ಬೆಳಗಿನ ಜಾವ ಎದ್ದು ಹೊರಗೆ ಕಾಲಿಟ್ಟರೆ ಅಲ್ಲೇ ಮ್ಯಾರಥಾನ್. ಓಡುವವರಿಗಾಗಿ ಕಲ್ಯಾಣದಿಂದ ಮುಂಜಾನೆ ಮೂರರ ಸುಮಾರಿಗೆ ವಿಶೇಷ ಲೋಕಲ್ ಕೂಡ ಬಿಡುತ್ತಾರೆ, ಡೊಂಬಿವಲಿ ಕಡೆ ನೆಂಟರಿದ್ದರೆ ಹೋಟೆಲೇ ಬೇಡ.

ಹುಡುಗಿಯರಿಗೆ ನಾನು ಹೇಳಿದ್ದು ಎರಡೇ ಮಾತು. ಹೋಗುವಾಗಲೇ ಥಾಣೆಯಲ್ಲಿ ರಿಟರ್ನ್ ಟಿಕೆಟ್ ತಗೊಳ್ಳಿ, ಕೊನೆ ಹಾಡು ಮುಗಿದ ಮೇಲೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಮೊದಲನೆಯದು ಕೇಳಿದರು. ತೆರೆದ ಮೈದಾನದಲ್ಲಿ ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ, ಹಾಗಾಗಿ ಫೋಟೋ ಎಲ್ಲ ಮುಗಿಸಿಯೂ ಲೋಕಲ್ ಸಿಕ್ಕಿತು. ಹನ್ನೆರಡರೊಳಗೆ ಥಾಣೆ ಮುಟ್ಟಿದರು.

ಈ ಹತ್ತು ಗಂಟೆಯ ಲೆಕ್ಕವೇ ಮುಂದೆ ನನಗೆ ಕೈಕೊಟ್ಟಿತು. 2025ರ ನವೆಂಬರ್ 2, ಮಹಿಳೆಯರ ಕ್ರಿಕೆಟ್ ವಿಶ್ವಕಪ್ ಫೈನಲ್, ಅದೇ ಸ್ಟೇಡಿಯಂ. ಅಕ್ಕನ ಮಗಳು ಮತ್ತೆ ಬಂದಳು, ನಾನೂ ನನ್ನ ಮಗಳೂ ಜೊತೆಯಾದೆವು. ಅದೇ ಲಾಡ್ಜ್, ವಾಟ್ಸಾಪ್, ಅರ್ಧ ಅಡ್ವಾನ್ಸ್, ಎಲ್ಲ ಪಕ್ಕಾ. ಮಧ್ಯಾಹ್ನ ಮೂರಕ್ಕೆ ಶುರುವಾಗಬೇಕಿದ್ದ ಮ್ಯಾಚ್ ಮಳೆಯಿಂದ ಐದಕ್ಕೆ ಶುರುವಾಯಿತು. ದಕ್ಷಿಣ ಆಫ್ರಿಕಾ ಆಲೌಟ್ ಆಗುವಷ್ಟರಲ್ಲಿ ನಡುರಾತ್ರಿ. ಇನ್ನು ನಮ್ಮ ಭಾರತದವರು ಕಪ್ ಎತ್ತೋದು ನೋಡದೆ ಹೊರಡೋಕಾಗುತ್ತದಾ? ಹೊರಗೆ ಬಂದಾಗ ಲಾಸ್ಟ್ ಲೋಕಲ್ ಹೋಗಿತ್ತು. ಟ್ಯಾಕ್ಸಿ ಆ್ಯಪ್‌ನಲ್ಲಿ ಥಾಣೆಗೆ 2,100 ತೋರಿಸುತ್ತಿತ್ತು, ಅದೂ ಒಬ್ಬರೂ ಬರುತ್ತಿರಲಿಲ್ಲ.

ನೆರೂಲ್ ಸ್ಟೇಷನ್ ಹೊರಗೆ ಮೆಟ್ಟಿಲ ಮೇಲೆ ಕೂತೆವು. ನಮ್ಮಂಥವರು ನೂರಾರು ಜನ, ಯಾರೋ ಡೋಲು ಬಡಿಯುತ್ತಿದ್ದರು, ಸೈಕಲ್ ಮೇಲೆ ಚಹಾ ಮಾರುವವನಿಗೆ ಪುರುಸೊತ್ತೇ ಇಲ್ಲ. ಒಂದೂವರೆಗೆ ಥಾಣೆಯಿಂದ ಮ್ಯಾನೇಜರ್ ಫೋನು.

"ಎಲ್ಲಿದ್ದೀರಿ ಮಾರಾಯ್ರೆ? ಷಟರ್ ಎಳೀಲಾ?"

"ಎಳೀರಿ ಸಾರ್, ಬೆಳಿಗ್ಗೆ ಸ್ನಾನಕ್ಕೆ ಬರ್ತೀವಿ. ಬಿಸಿನೀರು ಮಾತ್ರ ಇರಲಿ."