ಲ್ಯಾಬ್ರಡಾರ್ ನಾಯಿ 38 ಕಿಲೋದಿಂದ 30ಕ್ಕೆ ಇಳಿದದ್ದು

ಒತ್ತಿದರೂ ಪಕ್ಕೆಲುಬು ಸಿಗುತ್ತಿರಲಿಲ್ಲ, ಮೇಲಿಂದ ನೋಡಿದರೆ ಸೊಂಟವೇ ಇಲ್ಲ. ಥೈರಾಯ್ಡ್ ಪರೀಕ್ಷೆ ನಾರ್ಮಲ್.

ರಾತ್ರಿ ಊಟ ನಿಲ್ಲಿಸಿದರೆ ಕಸದ ಬುಟ್ಟಿಗೆ ಬಾಯಿ. ವಾಕಿಂಗ್ ಹೆಚ್ಚಿಸಿದರೆ ಬಳ್ಳಾರಿ ಬಿಸಿಲಿಗೆ ಏಳು ಗಂಟೆಗೇ ಏದುಸಿರು. ಆಹಾರ ಲೋಟದಲ್ಲಿ ಅಳೆದರೆ ಒಂದೊಂದು ದಿನ ಒಂದೊಂದು ತೂಕ.

ಕೆಲಸ ಮಾಡಿದ್ದು ಗ್ರಾಂ ತಕ್ಕಡಿ. ಇರಬೇಕಾದ ತೂಕ 30 ಕಿಲೋ. ಕ್ಯಾಲ್ಕುಲೇಟರ್‌ನಲ್ಲಿ 30×30×30, ವರ್ಗಮೂಲ ಎರಡು ಸಲ, ಆಮೇಲೆ 70ರಿಂದ ಗುಣಿಸಿ: ದಿನಕ್ಕೆ ಸುಮಾರು 900 ಕಿಲೋಕ್ಯಾಲೊರಿ. ನಾಯಿ ಆಹಾರದ ಚೀಲದ ಮೇಲೆ 100 ಗ್ರಾಂಗೆ 350 ಕಿಲೋಕ್ಯಾಲೊರಿ ಅಂತಿತ್ತು. ತಿಂಡಿಗೆ 90 ತೆಗೆದಿಟ್ಟು, ಉಳಿದದ್ದಕ್ಕೆ 230 ಗ್ರಾಂ. ಬೆಳಿಗ್ಗೆಯೇ ಡಬ್ಬಿಗೆ ತೂಗಿಟ್ಟು ಎರಡು ಹೊತ್ತು ಹಾಕೋದು. ಡಬ್ಬಿ ಖಾಲಿಯಾದರೆ ಮುಗೀತು. ಅಜ್ಜಿ ಹಾಕೋ ರೊಟ್ಟಿ ಚೂರೂ ತಿಂಡಿ ಲೆಕ್ಕಕ್ಕೇ.

ಭಾನುವಾರ ಕಿರಾಣಿ ಅಂಗಡಿಯ ಚೀಲ ತೂಗೋ ಕಾಟಾ ಮೇಲೆ ನಿಲ್ಲಿಸಿ. ವಾರಕ್ಕೆ 300–700 ಗ್ರಾಂ ಇಳಿದರೆ ಸರಿ; ಜಾಸ್ತಿ ಇಳಿದರೆ ಆಹಾರ 10% ಏರಿಸಿ. ಎರಡು ವಾರ ಮುಳ್ಳು ಅಲುಗದಿದ್ದರೆ, ರೊಟ್ಟಿ ಯಾರು ಹಾಕ್ತಿದಾರೆ ನೋಡಿ, ಆಮೇಲೆ 10% ಇಳಿಸಿ.